ಗೋಯಾ ಚಂಪುರು: ಒಕಿನಾವಾದ ಹಾಗಲಕಾಯಿ–ತೋಫು ಅಡುಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಗಲಕಾಯಿ ಎಂದರೆ ಹುಣಸೆಹುಳಿ, ಬೆಲ್ಲ ಹಾಕಿದ ಗೊಜ್ಜು, ಇಲ್ಲವೇ ಗರಿಗರಿಯಾಗಿ ಹುರಿದ ಪಲ್ಯ ಎಂದು ಬೆಳೆದವರಿಗೆ, ಅದನ್ನು ಸೋಯಾ ಹಾಲು ಒಡೆದು ಮಾಡುವ ತೋಫು ಮತ್ತು ಮೊಟ್ಟೆಯ ಜೊತೆ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷ ಬಾಡಿಸಿ ಹಸಿರು ಕೆಡದಂತೆ ಇಳಿಸುವ ಕ್ರಮ ವಿಚಿತ್ರವಾಗಿ ಕಾಣುತ್ತದೆ. ಮನೆಗೆ ಬಂದು ಉಂಡವರು, ಮಾಡಿ ನೋಡಿ ಪತ್ರ ಬರೆದವರು, ಅರ್ಧ ಅಡುಗೆಯಲ್ಲಿ ಫೋನ್ ಮಾಡಿದವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ.

## ಮೊದಲ ಪರಿಚಯ

ಗೋಯಾ ಚಂಪುರು ಅಂದರೆ ಏನು? ಇದು ಜಪಾನಿನ ಅಡುಗೆಯೋ, ಬೇರೆಯೋ?

ಇದು ಜಪಾನಿನ ದಕ್ಷಿಣ ತುದಿಯ ಒಕಿನಾವಾ ದ್ವೀಪಗಳ ಮನೆಯಡುಗೆ. ಅಲ್ಲಿನ ಮಾತಿನಲ್ಲಿ ‘ಗೋಯಾ’ ಎಂದರೆ ಹಾಗಲಕಾಯಿ, ‘ಚಂಪುರು’ ಎಂದರೆ ತೋಫು ಮತ್ತು ತರಕಾರಿಯನ್ನು ಕೂಡಿಸಿ ಬಾಣಲೆಯಲ್ಲಿ ಹುರಿದದ್ದು. ಜಪಾನಿನ ಉಳಿದ ಭಾಗದಲ್ಲಿ ಇದೇ ಕಾಯಿಗೆ ‘ನಿಗಾಉರಿ’, ಅಂದರೆ ಕಹಿ ಸೌತೆ, ಎಂಬ ಹೆಸರಿತ್ತು. ಈ ಅಡುಗೆ ದೇಶದಾದ್ಯಂತ ಹರಡಿದ ಮೇಲೆ ಒಕಿನಾವಾದ ಹೆಸರೇ ಗೆದ್ದಿತು. ಒಕಿನಾವಾ 1879 ರವರೆಗೆ ರ್‍ಯುಕ್ಯು ಎಂಬ ಪ್ರತ್ಯೇಕ ರಾಜ್ಯವಾಗಿತ್ತು, ಎರಡನೆಯ ಮಹಾಯುದ್ಧದ ನಂತರ 1972 ರವರೆಗೆ ಅಮೆರಿಕದ ಆಡಳಿತದಲ್ಲಿತ್ತು. ಈ ಚರಿತ್ರೆಯ ಗುರುತು ಅಡುಗೆಯಲ್ಲೂ ಉಳಿದಿರುವುದರಿಂದ, ಇದನ್ನು ಬರಿದೇ ಜಪಾನಿ ಅಡುಗೆ ಎನ್ನುವುದಕ್ಕಿಂತ ಒಕಿನಾವಾದ ಅಡುಗೆ ಎನ್ನುವುದೇ ಸರಿ.

ಚಂಪುರುಗೂ ನಮ್ಮ ಚಂಪೂ ಕಾವ್ಯಕ್ಕೂ ಏನಾದರೂ ಸಂಬಂಧ ಇದೆಯೇ? ಎರಡರಲ್ಲೂ ಬೆರಕೆ ಇದೆಯಲ್ಲ!

ಗದ್ಯಪದ್ಯಗಳ ಬೆರಕೆಯಾದ ಚಂಪುವನ್ನು ಶಾಲೆಯಲ್ಲಿ ಓದಿದ ಕನ್ನಡಿಗರಿಗೆ ಈ ಅನುಮಾನ ಬರುವುದು ಸಹಜವೇ. ಆದರೆ ಅದು ಕಿವಿಗೆ ಮಾತ್ರ ಕೇಳುವ ಹೋಲಿಕೆ. ‘ಚಂಪುರು’ ಪದದ ಮೂಲದ ಬಗ್ಗೆ ಒಮ್ಮತವಿಲ್ಲದಿದ್ದರೂ, ಮಲಯ ಮತ್ತು ಇಂಡೋನೇಷ್ಯಾದ ಭಾಷೆಗಳಲ್ಲಿ ‘ಬೆರೆಸು’ ಎಂಬ ಅರ್ಥದ ‘ಚಂಪುರ್’ ಎಂಬ ಮಾತನ್ನು ಹೆಚ್ಚಿನವರು ತೋರಿಸುತ್ತಾರೆ. ರ್‍ಯುಕ್ಯು ರಾಜ್ಯದ ಹಡಗುಗಳು ಮಲಕ್ಕಾ, ಸಯಾಮ್‌ಗಳವರೆಗೆ ವ್ಯಾಪಾರಕ್ಕೆ ಹೋಗುತ್ತಿದ್ದುದರಿಂದ ಆ ಊಹೆಗೆ ಬಲವಿದೆ.

ಅವರ ಗೋಯಾನೂ ನಮ್ಮ ಹಾಗಲಕಾಯಿನೂ ಒಂದೇನಾ? ಸಂತೆಯಲ್ಲಿ ಯಾವುದನ್ನು ಆರಿಸಲಿ?

ಸಸ್ಯ ಒಂದೇ, ತಳಿಗಳು ಬೇರೆ. ಒಕಿನಾವಾದಲ್ಲಿ ನಡು ದಪ್ಪಗಿದ್ದು ಮೈತುಂಬ ಗುಂಡನೆಯ ಗುಳ್ಳೆಗಳಿರುವ ಕಾಯಿಗಳು ಹೆಚ್ಚು. ಅವುಗಳ ಸಿಪ್ಪೆ ರಸಭರಿತವಾಗಿ, ದಪ್ಪವಾಗಿರುತ್ತದೆ. ನಮ್ಮ ಮಾರುಕಟ್ಟೆಗೆ ಬರುವ ಎರಡು ಬಗೆಯಲ್ಲಿ, ತಿಳಿಹಸಿರು ಬಣ್ಣದ ಉದ್ದನೆಯ ದಪ್ಪ ಕಾಯಿ ಈ ಅಡುಗೆಗೆ ಹೊಂದುತ್ತದೆ. ಗಾಢ ಹಸಿರಿನ, ಚೂಪು ಮುಳ್ಳಿನ ಚಿಕ್ಕ ಕಾಯಿಯ ಸಿಪ್ಪೆ ತೆಳು. ಅದು ಹುರಿದು ಗರಿಗರಿ ಮಾಡುವುದಕ್ಕೆ ಲೇಸು. ಕೈಗೆ ಭಾರವೆನಿಸುವ, ಗುಳ್ಳೆಗಳು ಒತ್ತೊತ್ತಾಗಿ ಗಟ್ಟಿಯಾಗಿರುವ, ಎಲ್ಲೂ ಹಳದಿ ತಿರುಗದ ಕಾಯಿಯನ್ನು ಆರಿಸಿಕೊಳ್ಳಿ. ಮಡಹಾಗಲ ಬೇರೆಯೇ ಜಾತಿಯದು, ಅದು ಇದಕ್ಕೆ ಬೇಡ.

ತುಂಬಾ ಕಹಿ ಇರುತ್ತಾ? ಮಕ್ಕಳು ತಿಂತಾರಾ?

ಕಹಿ ಇರುತ್ತದೆ, ಇರಲೇಬೇಕು. ಆದರೆ ನಾಲಿಗೆಗೆ ಅದು ಒಂಟಿಯಾಗಿ ತಾಗುವುದಿಲ್ಲ. ತೋಫುವಿನ ಸಪ್ಪೆ, ಮೊಟ್ಟೆಯ ಕೊಬ್ಬು, ಒಣಮೀನಿನ ಅಥವಾ ಅಣಬೆಯ ರಸಗಂಧ ಇವೆಲ್ಲ ಕಹಿಯನ್ನು ಸುತ್ತುವರಿದು ಅದರ ಮೊನೆಯನ್ನು ಮೊಂಡು ಮಾಡುತ್ತವೆ. ಗೊಜ್ಜಿನಲ್ಲಿ ಹುಳಿ ಮತ್ತು ಬೆಲ್ಲ ಮಾಡುವ ಕೆಲಸವನ್ನು ಇಲ್ಲಿ ಇವು ಮಾಡುತ್ತವೆ. ಮಕ್ಕಳಿಗಾದರೆ ಮೊದಲ ಸಲ ಹಾಗಲಕಾಯಿಯನ್ನು ಅರ್ಧಕ್ಕೆ ಇಳಿಸಿ, ಮೊಟ್ಟೆಯನ್ನು ಒಂದು ಹೆಚ್ಚಿಸಿ, ಹೋಳುಗಳನ್ನು ಇನ್ನೂ ತೆಳ್ಳಗೆ ಹೆಚ್ಚಿ. ಬಲವಂತ ಮಾಡಿ ತಿನ್ನಿಸಬೇಡಿ; ನಮ್ಮ ಮನೆಯ ಚಿಕ್ಕವಳು ಒಂದು ವರ್ಷ ತೋಫುವನ್ನಷ್ಟೇ ಆರಿಸಿಕೊಂಡು ತಿಂದು, ಆಮೇಲೆ ತಾನೇ ಹೋಳಿಗೆ ಕೈ ಹಾಕಿದಳು.

## ಸಾಮಾನು ಸರಂಜಾಮು

ಅಂಗಡಿಯಲ್ಲಿ ಸಿಗುವ ಯಾವುದೇ ತೋಫು ಆಗುತ್ತಾ?

ಆಗುವುದಿಲ್ಲ. ರೇಷ್ಮೆಯಂತೆ ಮೆತ್ತಗಿರುವ ತೋಫು ಬಾಣಲೆಗೆ ಬಿದ್ದ ಕೂಡಲೇ ಗಂಜಿಯಾಗುತ್ತದೆ. ಪೊಟ್ಟಣದ ಮೇಲೆ ‘ಫರ್ಮ್’ ಅಥವಾ ‘ಎಕ್ಸ್‌ಟ್ರಾ ಫರ್ಮ್’ ಎಂದಿರುವ ಗಟ್ಟಿ ತೋಫುವನ್ನೇ ತನ್ನಿ. ಹಲವು ಕಡೆ ಅದನ್ನು ‘ಸೋಯಾ ಪನೀರ್’ ಎಂದು ಮಾರುತ್ತಾರೆ. ಒಕಿನಾವಾದ ‘ಶಿಮಾ ದೋಫು’, ಅಂದರೆ ದ್ವೀಪದ ತೋಫು, ಮಾಮೂಲಿ ಜಪಾನಿ ತೋಫುವಿಗಿಂತ ಗಟ್ಟಿ. ಜಪಾನಿನ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ಮಾಮೂಲಿ ‘ಮೊಮೆನ್’ ತೋಫುವಿನಲ್ಲಿ 7.0 ಗ್ರಾಂ ಪ್ರೊಟೀನ್ ಇದ್ದರೆ ಒಕಿನಾವಾದ್ದರಲ್ಲಿ 9.1 ಗ್ರಾಂ ಇರುತ್ತದೆ, ಅಂದರೆ ಅಷ್ಟರಮಟ್ಟಿಗೆ ನೀರು ಕಡಿಮೆ. ಆದ್ದರಿಂದ ನಾವು ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸವೆಂದರೆ ತಂದ ತೋಫುವಿನ ನೀರು ತೆಗೆಯುವುದು. ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ, ಓರೆಯಾಗಿಟ್ಟ ತಟ್ಟೆಯ ಮೇಲಿಟ್ಟು, ಮೇಲೊಂದು ಮಣೆ, ಮಣೆಯ ಮೇಲೆ ಸುಮಾರು ಒಂದು ಕಿಲೋ ಭಾರ ಹೇರಿ ಅರ್ಧ ಗಂಟೆ ಬಿಡಿ. ನಾನು ಕಲ್ಲಿನ ಕುಟ್ಟಾಣಿಯನ್ನು ಇಡುತ್ತೇನೆ. ತೆಗೆಯುವಾಗ ಬಟ್ಟೆ ಒದ್ದೆಯಾಗಿ, ತೋಫುವಿನ ಅಂಚು ಬೆರಳಿಗೆ ರಬ್ಬರಿನಂತೆ ಪುಟಿದರೆ ಸಿದ್ಧವಾಯಿತೆಂದು ತಿಳಿಯಿರಿ.

ತೋಫು ಸಿಗಲ್ಲ. ಪನೀರ್ ಹಾಕಬಹುದಾ?

ಹಾಕಿದರೆ ತಿನ್ನಲು ಚೆನ್ನಾಗಿಯೇ ಇರುತ್ತದೆ, ಆದರೆ ಅದು ಬೇರೆ ಅಡುಗೆ. ಪನೀರ್‌ನ ಹಾಲಿನ ಸಿಹಿ ಮತ್ತು ಜಿಡ್ಡು ಹಾಗಲಕಾಯಿಯ ಕಹಿಯನ್ನು ಮುಚ್ಚಿಬಿಡುತ್ತದೆ. ತೋಫು ಅದನ್ನು ಮುಚ್ಚದೆ, ಹೀರಿಕೊಂಡು ಹಂಚುತ್ತದೆ.

ಹಂದಿಮಾಂಸ ಇಲ್ಲದೆ ಮಾಡಬಹುದಾ? ಡಬ್ಬಿ ಮಾಂಸ ಹಾಕ್ತಾರೆ ಅಂತ ಕೇಳಿದೆ, ನಿಜಾನಾ?

ನಿಜ. ಒಕಿನಾವಾದಲ್ಲಿ ಹಂದಿಮಾಂಸ ಹಳೆಯ ಬಳಕೆ, ಅದರಲ್ಲೂ ಕೊಬ್ಬು ಮಾಂಸ ಪದರಪದರವಾಗಿರುವ ಹೊಟ್ಟೆಯ ಭಾಗ. 1945 ರ ಯುದ್ಧದಲ್ಲಿ ದ್ವೀಪ ನುಚ್ಚುನೂರಾದ ಮೇಲೆ ಅಮೆರಿಕದ ಸೈನ್ಯದ ಮೂಲಕ ಡಬ್ಬಿಯಲ್ಲಿ ತುಂಬಿದ ಹಂದಿಮಾಂಸ ಜನರ ಕೈಗೆ ಬಂತು, ಮತ್ತು ಅಡುಗೆಮನೆಯಲ್ಲಿ ಹಾಗೆಯೇ ನೆಲೆನಿಂತಿತು. ಅದನ್ನು ಅಲ್ಲಿ ‘ಪೋಕು’ ಎಂದೇ ಕರೆಯುತ್ತಾರೆ. ಹಂದಿಮಾಂಸ ಹೊಸದಲ್ಲದ ಕೊಡಗಿನವರು, ಮಂಗಳೂರಿನ ಕಡೆಯವರು ಹೊಟ್ಟೆಯ ಭಾಗವನ್ನು ಮೊದಲೇ ಮೆತ್ತಗೆ ಬೇಯಿಸಿ, ಆರಿದ ಮೇಲೆ ತೆಳ್ಳಗೆ ಹೆಚ್ಚಿ ಬಳಸಬಹುದು. ಮಾಂಸ ತಿನ್ನದವರು ಅದನ್ನು ಬಿಟ್ಟು ಮಾಡಿದರೆ ಏನೂ ಕೊರತೆಯಾಗದು, ಎಣ್ಣೆಯನ್ನು ಒಂದು ಚಮಚ ಹೆಚ್ಚು ಹಾಕಿದರೆ ಸಾಕು.

ಕತ್ಸುಒಬುಶಿ ಅಂದರೆ ಏನು? ಅದರ ಬದಲು ಏನು ಹಾಕಲಿ?

ಟ್ಯೂನಾ ಮೀನಿನ ಬಳಗದ ಒಂದು ಮೀನನ್ನು ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ತೆಳು ಎಸಳುಗಳಾಗಿ ಕೆತ್ತಿದ್ದೇ ಕತ್ಸುಒಬುಶಿ. ಬಿಸಿ ಅಡುಗೆಯ ಮೇಲೆ ಉದುರಿಸಿದಾಗ ಆ ಎಸಳುಗಳು ಹಬೆಗೆ ಅಲುಗಾಡುತ್ತವೆ. ಲಕ್ಷದ್ವೀಪ ಮತ್ತು ಮಾಲ್ದೀವ್ಸ್‌ನಲ್ಲಿ ಅದೇ ಮೀನನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಮಾಡುವ ‘ಮಾಸ್’ ಇದಕ್ಕೆ ಬಹಳ ಹತ್ತಿರ. ಸಿಕ್ಕಿದರೆ ಕುಟ್ಟಿ ಪುಡಿ ಮಾಡಿ ಅರ್ಧ ಚಮಚ ಹಾಕಿ. ಸಸ್ಯಾಹಾರಿಗಳು ಒಣಗಿದ ಶಿಟಾಕೆ ಅಣಬೆಯನ್ನು ನೆನೆಸಿ, ಆ ನೀರನ್ನು ಎರಡು ಚಮಚದಷ್ಟಾಗುವವರೆಗೆ ಕುದಿಸಿ ಇಳಿಸಿಕೊಂಡು ಬಳಸಬಹುದು. ಹಾಗೆಯೇ ಸುರಿದರೆ ಅಡುಗೆ ನೀರಾಗುತ್ತದೆ.

## ಒಲೆಯ ಮುಂದೆ

ಅಳತೆ, ಕ್ರಮ ಎರಡನ್ನೂ ಒಂದೇ ಕಡೆ ಹೇಳಿಬಿಡಿ, ನೋಡಿಕೊಂಡು ಮಾಡುತ್ತೇನೆ.

ಮೂರು ಜನಕ್ಕೆ ಸುಮಾರು 250 ಗ್ರಾಂ ಹಾಗಲಕಾಯಿ, 300 ಗ್ರಾಂ ಗಟ್ಟಿ ತೋಫು, ಎರಡು ಮೊಟ್ಟೆ, ಬೇಕಿದ್ದರೆ 100 ಗ್ರಾಂ ಹಂದಿಮಾಂಸ, ಎರಡು ದೊಡ್ಡ ಚಮಚ ಎಣ್ಣೆ, ಉಪ್ಪು, ಒಂದು ಚಿಕ್ಕ ಚಮಚ ಸೋಯಾ ಸಾಸ್, ಒಂದು ಹಿಡಿ ಕತ್ಸುಒಬುಶಿ ಬೇಕು. ಎಣ್ಣೆ ಶೇಂಗಾದ್ದೋ ಸೂರ್ಯಕಾಂತಿಯದ್ದೋ ಯಾವುದಾದರೂ ಸರಿ. ತೆಂಗಿನೆಣ್ಣೆ, ಸಾಸಿವೆ ಎಣ್ಣೆಗಳ ವಾಸನೆ ಮಾತ್ರ ಹೊಂದುವುದಿಲ್ಲ. ಸೋಯಾ ಸಾಸ್ ತಿಳಿಯಾದದ್ದಿರಲಿ, ಕಪ್ಪು ಬಣ್ಣ ಕೂಡಿಸಿದ ಮಂದ ಸಾಸ್ ಹಾಕಿದರೆ ಹಸಿರೂ ಹಳದಿಯೂ ಮಸಿಯಾಗುತ್ತವೆ.

ಹಾಗಲಕಾಯಿಯನ್ನು ಉದ್ದಕ್ಕೆ ಸೀಳಿ, ಚಮಚದಿಂದ ಬೀಜ ಮತ್ತು ತಿರುಳನ್ನು ಕೆರೆದು ತೆಗೆದು, ನಾಲ್ಕೈದು ಮಿಲಿಮೀಟರ್ ದಪ್ಪದ ಅರ್ಧಚಂದ್ರಾಕಾರದ ಹೋಳುಗಳಾಗಿ ಹೆಚ್ಚಿ. ಅರ್ಧ ಚಮಚ ಉಪ್ಪು, ಅರ್ಧ ಚಮಚ ಸಕ್ಕರೆ ಸವರಿ ಹತ್ತು ನಿಮಿಷ ಬಿಟ್ಟು ನೀರು ಬಸಿಯಿರಿ. ನೀರು ತೆಗೆದ ತೋಫುವನ್ನು ಚಾಕುವಿನಿಂದ ಕತ್ತರಿಸದೆ, ದೊಡ್ಡ ನೆಲ್ಲಿಕಾಯಿ ಗಾತ್ರದ ತುಂಡುಗಳಾಗಿ ಕೈಯಿಂದ ಮುರಿಯಿರಿ. ಮುರಿದಲ್ಲಿ ಮೈ ಒರಟಾಗಿದ್ದರೆ ಬೇಗ ಕೆಂಪಗಾಗುತ್ತದೆ, ರಸವನ್ನೂ ಚೆನ್ನಾಗಿ ಹಿಡಿಯುತ್ತದೆ.

ಕಬ್ಬಿಣದ ಬಾಣಲೆಯನ್ನು ಹೊಗೆ ಏಳುವಷ್ಟು ಕಾಯಿಸಿ, ಒಂದು ಚಮಚ ಎಣ್ಣೆ ಹಾಕಿ, ತೋಫುವನ್ನು ಒಂದಕ್ಕೊಂದು ತಾಗದಂತೆ ಇಡಿ. ಈಗ ಸೌಟು ಮುಟ್ಟಬೇಡಿ. ಮೊದಲು ನೀರಿನ ಸದ್ದು, ಚಟಪಟ ಎಂದು ಸಿಡಿಯುವುದು, ಜೋರಾಗಿ ಕೇಳುತ್ತದೆ. ಎರಡು ಮೂರು ನಿಮಿಷದ ನಂತರ ಅದು ಇಳಿದು ತೆಳ್ಳನೆಯ ಸುಯ್ ಎಂಬ ಸದ್ದಾಗುತ್ತದೆ. ಆಗ ತುಂಡು ತಾನಾಗಿಯೇ ತಳ ಬಿಡುತ್ತದೆ, ಮಗುಚಿ ಹಾಕಿದರೆ ಕೆಳಗಿನ ಮೈ ದೋಸೆಯ ಬಣ್ಣಕ್ಕೆ ತಿರುಗಿರುತ್ತದೆ. ಎರಡು ಮಗ್ಗುಲೂ ಕೆಂಪಗಾದ ಮೇಲೆ ತಟ್ಟೆಗೆ ತೆಗೆದಿಡಿ.

ಅದೇ ಬಾಣಲೆಯಲ್ಲಿ ಮಾಂಸವಿದ್ದರೆ ಅದರ ಕೊಬ್ಬು ಕರಗುವವರೆಗೆ ಹುರಿದು, ಇಲ್ಲದಿದ್ದರೆ ಉಳಿದ ಎಣ್ಣೆ ಹಾಕಿ, ಹಾಗಲಕಾಯಿಯನ್ನು ದೊಡ್ಡ ಉರಿಯಲ್ಲೇ ಎರಡು ಮೂರು ನಿಮಿಷ ಬಾಡಿಸಿ. ಹಸಿರು ಹೊಳೆಯುತ್ತಿರುವಾಗಲೇ, ಹಲ್ಲಿಗೆ ಇನ್ನೂ ಕಚ್ಚುವಂತಿರುವಾಗಲೇ, ತೋಫುವನ್ನು ಮರಳಿ ಹಾಕಿ. ಕದಡಿದ ಮೊಟ್ಟೆಯನ್ನು ಸುತ್ತಲೂ ಸುರಿದು, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು, ಅಡಿಯಿಂದ ಎರಡೇ ಸಲ ಮಗುಚಿ. ಸೋಯಾ ಸಾಸನ್ನು ಅಡುಗೆಯ ಮೇಲೆ ಹಾಕದೆ ಬಾಣಲೆಯ ಕಾದ ಅಂಚಿನಲ್ಲಿ ಬಿಟ್ಟರೆ ಅದು ಸುಟ್ಟು ಒಳ್ಳೆಯ ಪರಿಮಳ ಬರುತ್ತದೆ. ಉಪ್ಪು ನೋಡಿ, ಒಲೆ ಆರಿಸಿ, ಕತ್ಸುಒಬುಶಿ ಉದುರಿಸಿ.

ಉಪ್ಪು ಹಾಕಿ ಚೆನ್ನಾಗಿ ಹಿಂಡಿದರೆ ಕಹಿ ಹೋಗಲ್ವಾ? ನಮ್ಮಜ್ಜಿ ಹಾಗೇ ಮಾಡ್ತಿದ್ರು.

ಅಜ್ಜಿ ಮಾಡುತ್ತಿದ್ದುದು ಗೊಜ್ಜಿಗೆ ಮತ್ತು ಹುರಿದ ಪಲ್ಯಕ್ಕೆ ಸರಿಯಾದ ಕ್ರಮ. ಅಲ್ಲಿ ಹೋಳು ಕೊನೆಗೆ ರಸದಲ್ಲಿ ಬೇಯುತ್ತದೆ, ಇಲ್ಲವೇ ಒಣಗಿ ಗರಿಯಾಗುತ್ತದೆ. ಇಲ್ಲಿ ಹೋಳು ತನ್ನ ಗಡಸುತನವನ್ನು ಉಳಿಸಿಕೊಳ್ಳಬೇಕು. ಹಿಂಡಿ ಜಜ್ಜಿದ ಹೋಳು ಬಾಣಲೆಯಲ್ಲಿ ಮುದುರಿ ನಾರಾಗುತ್ತದೆ. ಹತ್ತು ನಿಮಿಷದಲ್ಲಿ ತಾನಾಗಿ ಬಿಟ್ಟ ನೀರನ್ನು ಬಸಿದು ಅಲ್ಲಿಗೆ ನಿಲ್ಲಿಸಿ. ಕಹಿ ತಡೆಯುವುದೇ ಇಲ್ಲ ಎನ್ನುವವರು ಹೋಳುಗಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ ತೆಗೆದು, ಬಟ್ಟೆಯ ಮೇಲೆ ನೀರಾರಿಸಿ ಬಳಸಲಿ.

ಒಳಗಿನ ಬಿಳಿ ತಿರುಳೇ ಕಹಿ ಅಂತಾರಲ್ಲ, ಅದನ್ನು ಚೂರೂ ಬಿಡದೆ ಕೆರೆಯಬೇಕಾ?

ಚೂರು ತಿರುಳನ್ನು ಬಾಯಿಗೆ ಹಾಕಿಕೊಂಡು ನೋಡಿ: ಕಹಿ ಹೆಚ್ಚಾಗಿ ಇರುವುದು ಹಸಿರು ಮೈಯಲ್ಲಿ, ತಿರುಳು ಹತ್ತಿಯಂತೆ ಸಪ್ಪೆ. ಅದನ್ನು ತೆಗೆಯುವುದು ಅದು ನೀರು ಹಿಡಿದುಕೊಂಡು ಹೋಳನ್ನು ಮೆತ್ತಗೆ ಮಾಡುತ್ತದೆಂಬ ಕಾರಣಕ್ಕೆ. ಅಲ್ಲಲ್ಲಿ ಉಳಿದರೆ ಚಿಂತೆಯಿಲ್ಲ.

ನೀವು ಹೇಳಿದ ಹಾಗೇ ಮಾಡಿದೆ, ಆದರೂ ನೀರು ನೀರಾಯಿತು, ತೋಫು ಪುಡಿಪುಡಿಯಾಯಿತು. ಎಲ್ಲಿ ತಪ್ಪಿದೆ?

ಈ ಎರಡು ತೊಂದರೆಗಳ ಬೇರು ಒಂದೇ, ಅದು ನೀರು. ಬಾಣಲೆಯಲ್ಲಿ ನೀರಿರುವಷ್ಟು ಹೊತ್ತು ಅಲ್ಲಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಆ ಬಿಸಿಯಲ್ಲಿ ಪದಾರ್ಥ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ; ಬೆಂದ ತೋಫುವಿಗೆ ಹೊರಪದರ ಕಟ್ಟುವುದಿಲ್ಲವಾದ್ದರಿಂದ ಸೌಟು ತಾಗಿದ ಕೂಡಲೇ ಅದು ಒಡೆಯುತ್ತದೆ. ಆರು ಜನಕ್ಕೆ ಒಂದೇ ಸಲ ಮಾಡಲು ಹೊರಟು ಚಿಕ್ಕ ಬಾಣಲೆಯನ್ನು ತುಂಬಿಬಿಡುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ನಮ್ಮ ಗೃಹಬಳಕೆಯ ಒಲೆಯ ಉರಿಗೆ ಅಷ್ಟು ಶಕ್ತಿಯಿಲ್ಲ. ಎರಡು ಕಂತಿನಲ್ಲಿ ಮಾಡಿ. ಬಾಣಲೆಗೆ ಮುಚ್ಚಳ ಹಾಕುವ ಅಭ್ಯಾಸವಿದ್ದರೆ ಅದನ್ನು ಇಲ್ಲಿ ಬಿಡಿ: ಮುಚ್ಚಳದ ಹಬೆ ಹಸಿರನ್ನೂ ಕಂದಿಸುತ್ತದೆ. ಇಂಡಕ್ಷನ್ ಒಲೆಯವರು ತಳ ಚಪ್ಪಟೆಯಾದ ಕಬ್ಬಿಣದ ಕಾವಲಿಯನ್ನು ಬಳಸಿದರೆ ಬಿಸಿ ಸರಿಯಾಗಿ ನಿಲ್ಲುತ್ತದೆ.

ನಾವು ಮೊಟ್ಟೆ ಮುಟ್ಟಲ್ಲ. ಏನು ಮಾಡೋಣ?

ಮೊಟ್ಟೆಯನ್ನು ಬಿಟ್ಟು, ತೋಫುವನ್ನು 100 ಗ್ರಾಂ ಹೆಚ್ಚಿಸಿ, ಆ ಹೆಚ್ಚಿನ ಭಾಗವನ್ನು ಕೈಯಲ್ಲಿ ಕಿವುಚಿ ಕೊನೆಯಲ್ಲಿ ಹಾಕಿದರೆ ಮೊಟ್ಟೆಯಂತೆಯೇ ಹೋಳುಗಳಿಗೆ ಅಂಟಿಕೊಳ್ಳುತ್ತದೆ. ಕಡಲೆಹಿಟ್ಟಿನ ಹಿಟ್ಟು ಕಲಸಿ ಹಾಕುವುದನ್ನು ಕೆಲವರು ಸೂಚಿಸಿದ್ದಾರೆ. ನಾನು ಮಾಡಿ ನೋಡಿದೆ, ಹಸಿ ವಾಸನೆ ಹೋಗುವಷ್ಟರಲ್ಲಿ ಹಾಗಲಕಾಯಿ ಬೆಂದು ಸೊರಗುತ್ತದೆ, ಆದ್ದರಿಂದ ಬೇಡವೆನ್ನುತ್ತೇನೆ.

ಸಾಸಿವೆ ಒಗ್ಗರಣೆ, ಅರಿಶಿನ, ಹಸಿಮೆಣಸು ಹಾಕಿದರೆ ಇನ್ನೂ ರುಚಿ ಅಲ್ವಾ?

ರುಚಿಯಾಗಿಯೇ ಇರುತ್ತದೆ, ಹಾಗಲಕಾಯಿ ಪಲ್ಯವಾಗಿ. ಚಂಪುರುವಿನ ಸೊಗಸು ಅದರ ಬಡತನದಲ್ಲಿದೆ. ಉಪ್ಪು, ಸುಟ್ಟ ಸೋಯಾ, ಮೀನಿನ ಗಂಧ ಇವಿಷ್ಟರ ನಡುವೆ ಕಹಿ ತಲೆಯೆತ್ತಿ ನಿಲ್ಲಬೇಕು. ನಾಲ್ಕು ಸಲ ಹಾಗೆಯೇ ಮಾಡಿ ಉಂಡ ಮೇಲೆ ನಿಮಗೆ ಬೇಕಾದದ್ದು ಸೇರಿಸಿಕೊಳ್ಳಿ.

ಯಾವುದರ ಜೊತೆ ತಿನ್ನೋದು? ಮಧ್ಯಾಹ್ನದ ಡಬ್ಬಿಗೆ ಹಾಕಬಹುದಾ?

ಬಿಳಿ ಅನ್ನದ ಜೊತೆ. ನಮ್ಮ ಸೋನಾಮಸೂರಿಯನ್ನು ಸ್ವಲ್ಪ ಮೆತ್ತಗೆ ಮಾಡಿಕೊಂಡರೆ ಚೆನ್ನಾಗಿ ಕೂಡುತ್ತದೆ. ಡಬ್ಬಿಗೆ ಹಾಕುವುದಾದರೆ ಮೊಟ್ಟೆಯನ್ನು ಪೂರ್ತಿ ಬೇಯಿಸಿ, ಆರಿದ ಮೇಲೆ ಮುಚ್ಚಿ. ನಮ್ಮ ಬೇಸಗೆಯ ಸೆಕೆಯಲ್ಲಿ ನಾನಂತೂ ಇದನ್ನು ಡಬ್ಬಿಗೆ ಹಾಕುವುದಿಲ್ಲ.

## ಇನ್ನೂ ಆಳಕ್ಕೆ ಹೋಗಬೇಕೆನ್ನುವವರಿಗೆ

ಒಕಿನಾವಾದಲ್ಲಿ ತೋಫುವನ್ನು ಬಿಸಿಬಿಸಿಯಾಗಿ ಮಾರುತ್ತಾರಂತೆ, ಯಾಕೆ?

ಜಪಾನಿನ ಮುಖ್ಯ ದ್ವೀಪಗಳಲ್ಲಿ ನೆನೆಸಿ ರುಬ್ಬಿದ ಸೋಯಾ ಹಿಟ್ಟನ್ನು ಮೊದಲು ಕಾಯಿಸಿ ಆಮೇಲೆ ಹಿಂಡುತ್ತಾರೆ. ಒಕಿನಾವಾದಲ್ಲಿ ಹಸಿಯಾಗಿಯೇ ಹಿಂಡಿ, ಬಂದ ಹಾಲನ್ನು ನಂತರ ಕಾಯಿಸುವುದು ರೂಢಿ. ಹಿಂದೆ ಅದನ್ನು ಸಮುದ್ರದ ನೀರಿನಿಂದಲೇ ಒಡೆಯುತ್ತಿದ್ದರು, ಹೀಗಾಗಿ ಆ ತೋಫುವಿಗೆ ತನ್ನದೇ ಆದ ಉಪ್ಪಿನಂಶವಿದೆ. ಹೀಗೆ ಮಾಡಿದ್ದನ್ನು ನೀರಿನಲ್ಲಿ ಮುಳುಗಿಸಿ ತಣಿಸದೆ ಬಿಸಿಯಾಗಿಯೇ ಮಾರುತ್ತಾರೆ. ಅದನ್ನು ‘ಅಚಿಕೋಕೋ’ ತೋಫು ಎನ್ನುತ್ತಾರೆ, ಹಾಗೆಂದರೆ ಅಲ್ಲಿನ ಮಾತಿನಲ್ಲಿ ಬಿಸಿಬಿಸಿ ಎಂದರ್ಥ. 1972 ರಲ್ಲಿ ಒಕಿನಾವಾ ಜಪಾನಿಗೆ ಮರಳಿದಾಗ ತೋಫುವನ್ನು ನೀರಿನಲ್ಲಿ ತಣಿಸಿಡಬೇಕೆಂಬ ಜಪಾನಿನ ನೈರ್ಮಲ್ಯ ನಿಯಮ ಇದಕ್ಕೆ ಅಡ್ಡ ಬಂತು. ಅಲ್ಲಿನ ತೋಫು ಮಾಡುವವರು ಪಟ್ಟು ಹಿಡಿದು, 1974 ರಲ್ಲಿ ಬಿಸಿಯಾಗಿ ಮಾರಲು ವಿನಾಯಿತಿ ಪಡೆದರು. 2021 ರ ಜೂನ್‌ನಲ್ಲಿ ಆಹಾರ ಸುರಕ್ಷತೆಯ ನಿಯಮ ಬಿಗಿಯಾದ ಮೇಲೆ, ಬಿಸಿ 55 ಡಿಗ್ರಿಗಿಂತ ಕೆಳಗಿಳಿದ ತೋಫುವನ್ನು ಮೂರು ಗಂಟೆಯೊಳಗೆ ಮಾರಬೇಕು, ಇಲ್ಲವೇ ತಣಿಸಿಡಬೇಕು ಎಂದಾಯಿತು. ಸಣ್ಣ ಕಾರ್ಖಾನೆಗಳಿಗೆ ಇದು ದೊಡ್ಡ ಹೊರೆ. ಆ ಬಿಸಿ ತೋಫು ಅಂಗಡಿಗಳಲ್ಲಿ ವಿರಳವಾಗುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ತೋಫು ಇಲ್ಲದಿದ್ದರೆ ಅದು ಚಂಪುರುವೇ ಅಲ್ಲ ಅನ್ನುತ್ತಾರೆ. ಹೌದಾ?

ಹಳೆಯ ಬಳಕೆಯ ಪ್ರಕಾರ ಹೌದು. ತೋಫು ಇಲ್ಲದೆ ಹುರಿದದ್ದನ್ನು ‘ತಾಶಿಯಾ’, ಹುರಿದು ರಸದಲ್ಲಿ ಬೇಯಿಸಿದ್ದನ್ನು ‘ಇರಿಚಿ’ ಎಂದು ಕರೆಯುವುದುಂಟು. ಇಂದು ಸೋಮೆನ್ ಶ್ಯಾವಿಗೆಯನ್ನು ಹುರಿದದ್ದಕ್ಕೂ ಚಂಪುರು ಎನ್ನುತ್ತಾರೆ. ಎಲೆಕೋಸು, ಮೊಳಕೆ ಕಾಳು, ಗೋಧಿಯ ಅಂಟಿನಿಂದ ಮಾಡಿದ ‘ಫು’ ಇವುಗಳ ಚಂಪುರುಗಳೂ ಇವೆ.

ಒಕಿನಾವಾದ ಹಾಗಲಕಾಯಿಯನ್ನು ಬಹಳ ವರ್ಷ ಹೊರಗೆ ಸಾಗಿಸಲು ಬಿಡುತ್ತಿರಲಿಲ್ಲವಂತೆ. ಕಾರಣ ಏನು?

ಕಾರಣ, ನಮ್ಮ ರೈತರಿಗೂ ಚೆನ್ನಾಗಿ ಗೊತ್ತಿರುವ ಹಣ್ಣಿನ ನೊಣ. ಹಾಗಲ, ಹೀರೆ, ಸೌತೆ, ಕುಂಬಳದ ಎಳೆಗಾಯಿಗೆ ಚುಚ್ಚಿ ಮೊಟ್ಟೆಯಿಟ್ಟು ಒಳಗೇ ಕೊಳೆಸುವ ಈ ನೊಣದ ಮೂಲ ನೆಲೆ ಭಾರತವೇ ಎಂದು ಕೀಟತಜ್ಞರು ಹೇಳುತ್ತಾರೆ. ಅದು ಒಕಿನಾವಾದ ದ್ವೀಪಗಳಿಗೆ ಒಂದೊಂದಾಗಿ ಹಬ್ಬಿತ್ತು. ಮುಖ್ಯ ದ್ವೀಪಗಳಿಗೆ ಹರಡದಿರಲೆಂದು ಕಾಯಿಗಳ ಸಾಗಣೆಯನ್ನು ನಿಷೇಧಿಸಲಾಗಿತ್ತು. ಪ್ರಯೋಗಾಲಯದಲ್ಲಿ ಸಾಕಿದ ನೊಣಗಳನ್ನು ಕೋಶಾವಸ್ಥೆಯಲ್ಲಿ ಗಾಮಾ ಕಿರಣಕ್ಕೆ ಒಡ್ಡಿ, ಸಂತಾನಶಕ್ತಿ ಇಲ್ಲದಂತೆ ಮಾಡಿ, ಕೋಟಿಗಟ್ಟಲೆ ಸಂಖ್ಯೆಯಲ್ಲಿ ಹೊರಗೆ ಬಿಟ್ಟರು. ಅವುಗಳೊಂದಿಗೆ ಕೂಡಿದ ಹೆಣ್ಣು ನೊಣಗಳ ಮೊಟ್ಟೆ ಒಡೆಯದೆ ಸಂತತಿ ಕುಗ್ಗುತ್ತಾ ಹೋಯಿತು. ಕುಮೆ ದ್ವೀಪದಲ್ಲಿ 1978 ರಲ್ಲಿ, ಒಕಿನಾವಾದಾದ್ಯಂತ 1993 ರ ಹೊತ್ತಿಗೆ ನೊಣ ನಿರ್ಮೂಲವಾಯಿತು, ಗೋಯಾ ಜಪಾನಿನ ಎಲ್ಲ ಊರುಗಳಿಗೂ ಹೊರಟಿತು. ಮೇ 8 ನ್ನು ಅಲ್ಲಿ ‘ಗೋಯಾ ದಿನ’ವೆಂದು ಆಚರಿಸುತ್ತಾರೆ; ಐದು ಮತ್ತು ಎಂಟನ್ನು ಜಪಾನಿ ಭಾಷೆಯಲ್ಲಿ ‘ಗೋ’, ‘ಯಾ’ ಎಂದು ಓದಬಹುದು. ನಮ್ಮಲ್ಲಿ ಆ ನೊಣ ಇನ್ನೂ ಇದೆ. ಆದ್ದರಿಂದ ಕಾಯಿ ಕೊಳ್ಳುವಾಗ ಚುಚ್ಚಿದ ಕಲೆ, ಅಂಟು ಒಸರಿದ ಗುರುತು ಇದೆಯೇ ಎಂದು ತಿರುಗಿಸಿ ನೋಡಿ.

ನನಗೆ ಸಕ್ಕರೆ ಕಾಯಿಲೆ ಇದೆ. ಇದನ್ನು ದಿನಾ ತಿಂದರೆ ಮಾತ್ರೆ ಬಿಡಬಹುದಾ?

ಖಂಡಿತ ಬಿಡಬಾರದು. ಹಾಗಲಕಾಯಿಗೆ ರಕ್ತದ ಸಕ್ಕರೆ ಇಳಿಸುವ ಗುಣ ಸ್ವಲ್ಪ ಇರಬಹುದು, ಆದರೆ ಅದು ಔಷಧದ ಜಾಗ ತುಂಬುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅದರ ಮೇಲೆ ಹಾಗಲಕಾಯಿಯ ರಸವನ್ನು ದಿನವೂ ಕುಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಊಟದಲ್ಲಿ ಪಲ್ಯದಷ್ಟು ತಿನ್ನುವುದು ಬೇರೆ ಮಾತು. ಜಿ6ಪಿಡಿ ಎಂಬ ಕಿಣ್ವದ ಕೊರತೆ (ಕೆಂಪು ರಕ್ತಕಣಗಳು ಸುಲಭವಾಗಿ ಒಡೆಯುವ ಹುಟ್ಟುದೋಷ) ಇರುವವರು ಬೀಜವನ್ನು ತಿನ್ನಬಾರದು, ಗರ್ಭಿಣಿಯರು ಹೆಚ್ಚು ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು. ರಕ್ತದೊತ್ತಡ ಇರುವವರು ಸೋಯಾ ಸಾಸಿನ ಮೇಲೆ ಕಣ್ಣಿಡಲಿ: 6 ಗ್ರಾಂ ಸಾಸಿನಲ್ಲಿ ಸುಮಾರು 0.9 ಗ್ರಾಂ ಉಪ್ಪು ಇರುತ್ತದೆ.

ತಂದಿಟ್ಟ ಕಾಯಿ ಹಳದಿ ತಿರುಗಿ ಬಿರಿದಿದೆ. ಬಿಸಾಡಲಾ?

ಚಂಪುರುವಿಗೆ ಅದು ಬಾರದು, ಮೈ ಮೆತ್ತಗಾಗಿ ಹೋಳು ನಿಲ್ಲುವುದಿಲ್ಲ. ಆದರೆ ಬಿರಿದ ಹಣ್ಣಿನೊಳಗೆ ಬೀಜಗಳನ್ನು ಸುತ್ತಿರುವ ಕೆಂಪು ಪೊರೆ ಸಿಹಿಯಾಗಿರುತ್ತದೆ, ಅದನ್ನು ಚೀಪಿ ಬೀಜ ಉಗುಳಬಹುದು. ಬೀಜಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿಟ್ಟುಕೊಂಡು, ಹೊರಸಿಪ್ಪೆಯ ತುದಿಯನ್ನು ಸ್ವಲ್ಪ ಚಿವುಟಿ ಒಂದು ರಾತ್ರಿ ನೆನೆಸಿ ಕುಂಡದಲ್ಲಿ ಊರಿ. ಜಪಾನಿನಲ್ಲಿ, ಅದರಲ್ಲೂ 2011 ರ ಭೂಕಂಪದ ನಂತರ ವಿದ್ಯುತ್ತಿನ ಅಭಾವವಾದಾಗ, ಮನೆ ಮತ್ತು ಕಚೇರಿಗಳ ಕಿಟಕಿಗೆ ಬಲೆ ಕಟ್ಟಿ ಹಾಗಲ ಬಳ್ಳಿ ಹಬ್ಬಿಸಿ ಬಿಸಿಲು ತಡೆಯುವ ರೂಢಿ ಹೆಚ್ಚಿತು. ಪಶ್ಚಿಮದ ಬಿಸಿಲು ಬೀಳುವ ನಮ್ಮ ಬಾಲ್ಕನಿಗೂ ಅದು ಒಪ್ಪುತ್ತದೆ. ಸಂಕರ ತಳಿಯ ಬೀಜವಾದರೆ ತಾಯಿಗಿಡದಂಥದೇ ಕಾಯಿ ಬಾರದಿರಬಹುದು, ನೆರಳು ಮಾತ್ರ ಖಂಡಿತ ಸಿಗುತ್ತದೆ.